ತಡೆದ ಮುಷ್ಟಿ

ಸಮರಕಲೆಯ ಅಭ್ಯಾಸವು ಮನುಷ್ಯನ ನಡತೆಯನ್ನು ತಿದ್ದುತ್ತದೆ ಎಂಬ ನಂಬಿಕೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಹಳ ಮನ್ನಣೆಯಿದೆ. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಗಳಲ್ಲಿ ಸ್ಥಾಪಿಸಿದ ಈ ಕೈಗಾರಿಕಾ ನಗರದ ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ, ಮಕ್ಕಳನ್ನು ಸಂಜೆಯ ಕರಾಟೆ ತರಗತಿಗೆ ಸೇರಿಸುವ ತಂದೆತಾಯಂದಿರು ಮೈಕಟ್ಟಿಗಿಂತ ಹೆಚ್ಚಾಗಿ ಶಿಸ್ತನ್ನು ಬಯಸುತ್ತಾರೆ. ಬಿಳಿಯಿಂದ ಹಳದಿಗೆ, ಹಸಿರಿಗೆ, ಕಂದಿಗೆ ಏರುತ್ತ ಹೋಗುವ ಬೆಲ್ಟಿನ ಪದ್ಧತಿಯು ವರ್ಷಕ್ಕೊಮ್ಮೆ ಅಪ್ರೈಸಲ್ ಎದುರಿಸುವ ಆ ಹಿರಿಯರಿಗೆ ಹೇಳಿಕೊಡದೆಯೇ ಅರ್ಥವಾಗುವುದರಿಂದ, ಶೀಲಕ್ಕೂ ಹೀಗೆಯೇ ಶ್ರೇಣಿ ಕಟ್ಟಬಹುದೆಂಬ ಭ್ರಮೆ ಅಲ್ಲಿ ಸುಲಭವಾಗಿ ಬೇರೂರುತ್ತದೆ.

ಈ ಭರವಸೆಯನ್ನು ಕೊಟ್ಟವರು ಕಲೆಯ ಪ್ರವರ್ತಕರೇ. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಶಾಲೆ ತೆರೆದು ಜೂಡೊವನ್ನು ರೂಪಿಸಿದ ಜಿಗೊರೊ ಕಾನೊ ಸ್ವತಃ ಶಿಕ್ಷಣತಜ್ಞರಾಗಿದ್ದು, ತನ್ನ ಮತ್ತು ಎದುರಾಳಿಯ ಏಳಿಗೆ ಒಟ್ಟಿಗೇ ಆಗಬೇಕೆಂದು ಬೋಧಿಸಿದರು. 1922ರಲ್ಲಿ ಒಕಿನಾವಾದಿಂದ ಬಂದು ಕರಾಟೆಯನ್ನು ಜಪಾನಿನಲ್ಲಿ ಹರಡಿದ ಗಿಚಿನ್ ಫುನಾಕೊಶಿ ಅಭ್ಯಾಸದ ಆದಿ ಅಂತ್ಯಗಳೆರಡರಲ್ಲೂ ವಿನಯವಿರಬೇಕೆಂದರು. ಮೈಸೂರಿನ ಗರಡಿಮನೆಗಳಲ್ಲೂ, ಅಂದರೆ ಕುಸ್ತಿ ಕಲಿಸುವ ಕೆಮ್ಮಣ್ಣಿನ ಅಂಕಣವುಳ್ಳ ಮನೆಗಳಲ್ಲೂ, ಆಂಜನೇಯನಿಗೆ ಕೈಮುಗಿದು ಮಟ್ಟಿಯನ್ನು, ಎಂದರೆ ಹದಗೊಳಿಸಿದ ಆ ಮಣ್ಣನ್ನು, ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆಯೇ ಪೈಲ್ವಾನರು ಪಟ್ಟಿಗಿಳಿಯುತ್ತಾರೆ.

ಆದರೂ ಮೈಸೂರಿನ ಮಲ್ಲರ ಸಮುದಾಯವಾದ ಜೆಟ್ಟಿಗಳ ಇತಿಹಾಸವು ಈ ನಂಬಿಕೆಯನ್ನು ಕೆಣಕುತ್ತದೆ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ, ಬೆರಳುಗಳಿಗೆ ಮೊನಚಾದ ಆಯುಧ ತೊಟ್ಟು ಸೆಣಸುವ ಜೆಟ್ಟಿಗಳಲ್ಲಿ ಒಬ್ಬನ ಮೈಯಿಂದ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಆದರೆ ಇದೇ ಸಮುದಾಯದವರನ್ನು ಟಿಪ್ಪು ಸುಲ್ತಾನನ ಕಾಲದಲ್ಲಿ ಸೆರೆಯಾಳುಗಳ ಕತ್ತು ತಿರುಚಿ ಕೊಲ್ಲಲು ಬಳಸಲಾಯಿತೆಂದು ಅಂದಿನ ಬ್ರಿಟಿಷ್ ಬರಹಗಳು ಹೇಳುತ್ತವೆ; ಬರೆದವರು ಶತ್ರುಗಳೆಂಬುದನ್ನು ಮರೆಯದಿದ್ದರೂ, ಪಟ್ಟು ಬಲ್ಲ ಕೈ ಅಪ್ಪಣೆ ಬಂದ ಕಡೆಗೆ ತಿರುಗುತ್ತದೆಂಬುದನ್ನು ಅಲ್ಲಗಳೆಯುವುದು ಕಷ್ಟ.

ಹಾಗಾದರೆ ಒಳಿತಿರುವುದು ಹೊಡೆತದಲ್ಲಲ್ಲ, ಹೊಡೆತವನ್ನು ತಡೆಯುವಲ್ಲಿ. ಕರಾಟೆಯ ಕುಮಿತೆಯಲ್ಲಿ, ಅಂದರೆ ಇಬ್ಬರ ಸೆಣಸಾಟದಲ್ಲಿ, ಪೂರ್ಣ ವೇಗದ ಮುಷ್ಟಿಯನ್ನು ಎದುರಾಳಿಯ ಗಲ್ಲಕ್ಕಿಂತ ಕೂದಲೆಳೆಯಷ್ಟು ಮುಂಚೆ ನಿಲ್ಲಿಸುವ ಸುಂದೊಮೆ ಎಂಬ ಕ್ರಮವಿದೆ. ಏಟು ಬೀಳಬಹುದಿತ್ತೆಂಬುದು ಇಬ್ಬರಿಗೂ ತಿಳಿದು, ಬೀಳದೆಯೇ ಲೆಕ್ಕ ಚುಕ್ತಾ ಆಗುವ ಆ ಕ್ಷಣದ ಸುಖವನ್ನು ಅಭ್ಯಾಸಿಗಳು ಪದಕಕ್ಕೂ ಮಿಗಿಲೆಂದು ಬಗೆಯುತ್ತಾರೆ. ಹೊಸೂರು ರಸ್ತೆಯ ವಾಹನಸಂದಣಿಯಲ್ಲಿ ಬೆಂದು ಬಂದ ಮ್ಯಾನೇಜರನು ತಾನೂ ಕಲಿಯುವ ತರಗತಿಯಲ್ಲಿ ಹನ್ನೆರಡು ವರ್ಷದ ಹುಡುಗಿಯಿಂದ ನಿಲುವು ತಿದ್ದಿಸಿಕೊಂಡು, ಅವಳಿಗೇ ಬಾಗಿ ವಂದಿಸಬೇಕಾದಾಗ ಹುದ್ದೆಯ ಬಿಗುಮಾನ ಕೆಲಹೊತ್ತಾದರೂ ಸಡಿಲುತ್ತದೆ. ಆ ಸಡಿಲಿಕೆ ಮರುದಿನ ಫ್ಲೈಓವರಿನ ಮೇಲೆ ಹಾರ್ನ್ ಒತ್ತುವ ಬೆರಳಿಗೂ ತಲುಪುತ್ತದೆಯೇ ಎಂಬುದಕ್ಕೆ ಖಾತರಿಯಿಲ್ಲ. ಬಲಿಷ್ಠ ಶಿಷ್ಯನು ಅಗತ್ಯಕ್ಕಿಂತ ಜೋರಾಗಿ ಹೊಡೆದಾಗ ಗುರುವು ಚಪ್ಪಾಳೆ ತಟ್ಟುತ್ತಾನೋ, ಆಟ ನಿಲ್ಲಿಸುತ್ತಾನೋ ಎಂಬುದರ ಮೇಲೆ ಅದು ಬೆಲ್ಟಿನ ಬಣ್ಣಕ್ಕಿಂತ ಹೆಚ್ಚು ಅವಲಂಬಿಸಿದೆ.