ಮಳೆಗೆ ಬಿದ್ದ ಸೊನ್ನೆ

ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ರಾತ್ರಿಯ ಊಟ ಮುಗಿದಿದೆ. ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತ ಮಗಳ ಬೆನ್ನ ಹಿಂದೆ ತಂದೆ ಬಂದು ನಿಂತರು.

"ಏನ್ ಹೇಳತೈತಿ ನಿನ್ನ ಮಷೀನು?"

"ಜ್ವಾಳದ ಇಳುವರಿಗೆ ಮಳಿ ಲೆಕ್ಕಕ್ಕಿಲ್ಲ ಅಂತೈತಿ, ಅಪ್ಪಾ. ಮಳಿಗೆ ಸೊನ್ನಿ ಬಿದ್ದೈತಿ."

ತಂದೆ ನಕ್ಕುಬಿಟ್ಟರು. "ಹಂಗಾರ ಆ ಊರು ಯಾವುದಂತ ಕೇಳವ್ವಾ. ನಾವೂ ಅಲ್ಲೇ ಹೋಗಿ ಬಿತ್ತೋಣು."

ಪದವಿಯಲ್ಲಿ ಐಚ್ಛಿಕ ಕನ್ನಡದೊಂದಿಗೆ ಅರ್ಥಶಾಸ್ತ್ರವನ್ನು ಓದಿದ ಆ ಹುಡುಗಿ ಈಗ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಹಿಂಗಾರಿ ಜೋಳದ ಇಳುವರಿಯನ್ನು ನಿರ್ಧರಿಸುವ ಅಂಶಗಳಾವುವು ಎಂಬುದು ಆಕೆಯ ಪ್ರಬಂಧದ ವಿಷಯ. ಮನೆಮನೆಗೆ ಹೋಗಿ ರೈತರನ್ನು ಮಾತನಾಡಿಸಿ ತುಂಬಿಸಿಕೊಂಡು ಬಂದ ಚೀಟಿಗಳ ಕಟ್ಟೊಂದು ಆಕೆಯ ಬಳಿ ಇತ್ತು. ಹೊಲದ ವಿಸ್ತೀರ್ಣ, ಮಣ್ಣು, ಬಿತ್ತಿದ ವಾರ, ಮಳೆ, ಬಾವಿಯ ಆಳ, ಗೊಬ್ಬರ, ಎತ್ತು ಎಂದು ಕಾಲಂಗಳು ಬೆಳೆದಿದ್ದವು. ಇಷ್ಟರಲ್ಲಿ ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂದು ತಿಳಿಯದಾದಾಗ ಮಾರ್ಗದರ್ಶಕರು ಸೂಚಿಸಿದ ವಿಧಾನವೇ ಲ್ಯಾಸೊ.

ಲ್ಯಾಸೊ ಎಂದರೆ ಓಡುವ ದನವನ್ನು ಹಿಡಿಯಲು ಬೀಸುವ ಕುಣಿಕೆಹಗ್ಗ. ಸಂಖ್ಯಾಶಾಸ್ತ್ರಜ್ಞ ರಾಬರ್ಟ್ ಟಿಬ್ಶಿರಾನಿ 1996ರಲ್ಲಿ ಪ್ರಕಟಿಸಿದ ಲೇಖನದಿಂದ ಈ ವಿಧಾನ ಇದೇ ಹೆಸರಿನಲ್ಲಿ ಪ್ರಸಿದ್ಧವಾಯಿತು. ಸಾಮಾನ್ಯ ಹಿಂಚಲನೆಯ ಲೆಕ್ಕದಲ್ಲಿ ಪ್ರತಿಯೊಂದು ಅಂಶಕ್ಕೂ ಒಂದಿಷ್ಟು ತೂಕ ದೊರೆಯುತ್ತದೆ. ಲ್ಯಾಸೊ ಮಾತ್ರ ತೂಕಕ್ಕೆ ತೆರಿಗೆ ಹಾಕುತ್ತದೆ. ಸಂತೆಗೆ ಹೊರಟವನ ಕೈಯಲ್ಲಿ ಎಣಿಸಿಕೊಟ್ಟ ಹಣವಿದ್ದರೆ ಅವನು ಅಗತ್ಯವಾದುದನ್ನು ಕೊಂಡು ಉಳಿದುದನ್ನು ಅಂಗಡಿಯಲ್ಲಿಯೇ ಬಿಟ್ಟುಬರುವಂತೆ, ಈ ವಿಧಾನವು ಕೊಟ್ಟ ತೆರಿಗೆಗೆ ತಕ್ಕಷ್ಟು ಫಲ ನೀಡದ ಅಂಶಗಳ ತೂಕವನ್ನು ಸರಿಯಾಗಿ ಸೊನ್ನೆಗೇ ಇಳಿಸುತ್ತದೆ. ತೆರಿಗೆಯ ಪ್ರಮಾಣಕ್ಕೆ ಲ್ಯಾಂಬ್ಡಾ ಎಂದು ಹೆಸರು. ಆರ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಕೆಲಸಕ್ಕೆ ಬಹುಮಂದಿ ಬಳಸುವುದು ಜಿಎಲ್‌ಎಂನೆಟ್ ಎಂಬ ಪೊಟ್ಟಣವನ್ನು. ಅದು ಸೊನ್ನೆಯನ್ನು ಸೊನ್ನೆಯೆಂದು ಬರೆಯುವುದೂ ಇಲ್ಲ. ಅಂಕಿ ಇರಬೇಕಾದಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತದೆ. ಮಳೆಯ ಎದುರಿಗೆ ಆ ರಾತ್ರಿ ಕಂಡದ್ದು ಅಂತಹುದೇ ಒಂದು ಚುಕ್ಕೆ.

ತಂದೆಯ ನಗೆ ಆಕೆಯನ್ನು ಮಲಗಗೊಡಲಿಲ್ಲ. ತಂತ್ರಾಂಶದಲ್ಲಿ ದೋಷವಿದೆಯೆಂದು ಮೊದಲು ಅನ್ನಿಸಿತು. ಮಳೆಯ ಕಾಲಮನ್ನು ಮೇಲಿನಿಂದ ಕೆಳಗಿನವರೆಗೆ ಓದಿದಾಗ ಕಾರಣ ಕಣ್ಣಿಗೆ ಬಿದ್ದಿತು. ಚೀಟಿಗಳೆಲ್ಲವೂ ಒಂದೇ ವರ್ಷದವು, ಒಂದೇ ಮಂಡಲದ ಹಳ್ಳಿಗಳವು. ಮಳೆಯ ಅಂಕಿ ಬಂದದ್ದು ಆ ಮಂಡಲದ ಒಂದೇ ಮಳೆಮಾಪಕದಿಂದ. ಹೀಗಾಗಿ ಎಲ್ಲ ಸಾಲುಗಳಲ್ಲಿಯೂ ಒಂದೇ ಸಂಖ್ಯೆ. ಹೆಚ್ಚು ಮಳೆಯ ಹೊಲವನ್ನು ಕಡಿಮೆ ಮಳೆಯ ಹೊಲದೊಡನೆ ಹೋಲಿಸಿ ನೋಡುವುದೇ ಈ ಲೆಕ್ಕದ ಜೀವಾಳ. ಎಲ್ಲರಿಗೂ ಒಂದೇ ಮಳೆಯೆಂದು ಬರೆದುಕೊಟ್ಟ ಮೇಲೆ ಹೋಲಿಸುವುದಾದರೂ ಏನನ್ನು? ಮಳೆ ಬೇಡವೆಂದು ತಂತ್ರಾಂಶ ಹೇಳಿರಲೇ ಇಲ್ಲ. ಮಳೆಯ ವಿಷಯವನ್ನು ಈ ಚೀಟಿಗಳಿಂದ ಕೇಳಲಾಗದು ಎಂಬುದಷ್ಟೇ ಆ ಚುಕ್ಕೆಯ ಅರ್ಥವಾಗಿತ್ತು.

ಒಂದು ಸೊನ್ನೆಯ ಅರ್ಥ ಹೀಗೆ ಬದಲಾದ ಮೇಲೆ ಉಳಿದ ಸೊನ್ನೆಗಳನ್ನು ನಂಬುವುದು ಹೇಗೆ? ಮರುದಿನ ಆಕೆ ಚೀಟಿಗಳನ್ನು ಪಡಸಾಲೆಯ ನೆಲದ ಮೇಲೆ ಹರಡಿ ಒಂದೊಂದಾಗಿ ಎಣಿಸಿದಳು. ಚೀಟಿಗಳ ಎಣಿಕೆಗೂ ಲೆಕ್ಕದೊಳಗಿನ ಸಾಲುಗಳ ಎಣಿಕೆಗೂ ತಾಳೆಯಾಗಲಿಲ್ಲ. ಲೆಕ್ಕದೊಳಗೆ ಎಷ್ಟೋ ಮಂದಿ ರೈತರು ಇರಲೇ ಇಲ್ಲ.

ಅವರು ಕಾಣೆಯಾದ ಬಗೆ ಆಕೆಗೆ ನೆನಪಾಯಿತು. ಜಿಎಲ್‌ಎಂನೆಟ್‌ಗೆ ಅಕ್ಷರಗಳು ತಿಳಿಯವು. ಅದಕ್ಕೆ ಅಂಕಿಗಳ ಕೋಷ್ಟಕವೇ ಆಗಬೇಕು. ಮಣ್ಣಿನ ಹೆಸರಿನಂತಹ ಪದಗಳನ್ನು ಸೊನ್ನೆ-ಒಂದುಗಳ ಕಾಲಂಗಳಾಗಿಸಲು ಆಕೆ ಮಾಡೆಲ್.ಮ್ಯಾಟ್ರಿಕ್ಸ್ ಎಂಬ ಆಜ್ಞೆಯನ್ನು ಬಳಸಿದ್ದಳು. ಎಲ್ಲಿಯಾದರೂ ಒಂದು ಮನೆ ಖಾಲಿಯಿದ್ದರೆ ಈ ಆಜ್ಞೆ ಸದ್ದಿಲ್ಲದೆ ಆ ಇಡೀ ಸಾಲನ್ನು ಕೈಬಿಡುತ್ತದೆ. ಇಳುವರಿಯ ಪಟ್ಟಿ ಮಾತ್ರ ಮೊದಲಿನಷ್ಟೇ ಉದ್ದವಾಗಿ ಉಳಿಯುತ್ತದೆ. ಎರಡರ ಎಣಿಕೆ ಹೊಂದುತ್ತಿಲ್ಲವೆಂದು ತಂತ್ರಾಂಶ ಆಗಲೇ ಕೆಂಪಕ್ಷರದಲ್ಲಿ ದೂರಿತ್ತು. ಅವಸರದಲ್ಲಿದ್ದ ಆಕೆ ಖಾಲಿಯಿರುವ ಸಾಲುಗಳನ್ನೆಲ್ಲ ಕಿತ್ತುಹಾಕುವ ಎನ್‌ಎ.ಓಮಿಟ್ ಎಂಬ ಇನ್ನೊಂದು ಆಜ್ಞೆ ಕೊಟ್ಟಿದ್ದಳು. ದೂರು ನಿಂತಿತ್ತು. ದೂರು ನಿಂತದ್ದನ್ನೇ ದೋಷ ನಿಂತಿತೆಂದು ಆಕೆ ಭಾವಿಸಿದ್ದಳು.

ಬಿಟ್ಟುಹೋದ ಚೀಟಿಗಳನ್ನು ಬೇರೆ ಇರಿಸಿ ನೋಡಿದಳು. ಬಹುಪಾಲು ಚೀಟಿಗಳಲ್ಲಿ ಖಾಲಿಯಿದ್ದದ್ದು ಒಂದೇ ಮನೆ: ಬಾವಿಯ ಆಳ. ಅವುಗಳಲ್ಲೊಂದು ಒಬ್ಬ ವೃದ್ಧೆಯ ಹೊಲದ್ದು. ಕಟ್ಟೆಯ ಮೇಲೆ ಕುಳಿತು ಕಾಳು ಹಸನು ಮಾಡುತ್ತಿದ್ದ ಆಕೆ ಅಂದು ತಲೆಯೆತ್ತದೆಯೇ ಹೇಳಿದ್ದಳು: "ಬಾವೀನ ಇಲ್ಲವ್ವಾ ತಂಗಿ, ಆಳ ಎಲ್ಲಿಂದ ತರಲಿ?" ಹುಡುಗಿಯೂ ನಕ್ಕು, ಆ ಮನೆಯನ್ನು ಖಾಲಿ ಬಿಟ್ಟು, ಮುಂದಿನ ಪ್ರಶ್ನೆಗೆ ಹೋಗಿದ್ದಳು. ಬಾವಿಯಿಲ್ಲದವರು, ಕಪ್ಪು ನೆಲ ಹಿಡಿದಿಟ್ಟ ತೇವವೊಂದನ್ನೇ ನಂಬಿ ಬಿತ್ತುವವರು, ಯಾರ ಬದುಕನ್ನು ಅರಿಯಲು ಪ್ರಬಂಧ ಹೊರಟಿತ್ತೋ ಅವರೇ ಒಂದು ಆಜ್ಞೆಯ ಬಾಯಿಗೆ ಬಿದ್ದು ಲೆಕ್ಕದಿಂದ ಹೊರಗಾಗಿದ್ದರು. ಉಳಿದವರೆಲ್ಲ ಬಾವಿಯುಳ್ಳವರು. ಆ ಲೆಕ್ಕದಲ್ಲಿ ಬಾವಿಯ ಮಹತ್ವ ಕಾಣುವುದಾದರೂ ಹೇಗೆ?

ಈ ದೋಷದ ಪರಿಹಾರ ತಂತ್ರಾಂಶದೊಳಗೆ ಇರಲಿಲ್ಲ, ಚೀಟಿಯಲ್ಲಿತ್ತು. ಬಾವಿ ಇದೆಯೇ ಇಲ್ಲವೇ ಎಂಬುದಕ್ಕೆ ಆಕೆ ಪ್ರತ್ಯೇಕ ಕಾಲಂ ಮಾಡಿದಳು. ಇಲ್ಲದವರ ಆಳಕ್ಕೆ ಸೊನ್ನೆ ಬರೆದಳು. ಬಾವಿಯಿದ್ದೂ ಆಳ ತಿಳಿಯದವರು ಕೆಲವರಿದ್ದರು. ಅವರ ಮನೆಗಳಿಗೆ ಮತ್ತೊಮ್ಮೆ ಹೋಗಿ ಕೇಳಿಬಂದಳು. 'ಇಲ್ಲ' ಎಂಬುದೂ 'ತಿಳಿಯದು' ಎಂಬುದೂ ಬೇರೆ ಬೇರೆ ಉತ್ತರಗಳು. ಎರಡನ್ನೂ ಖಾಲಿ ಬಿಟ್ಟರೆ ಯಂತ್ರಕ್ಕೆ ಎರಡೂ ಒಂದೇ.

ಮಣ್ಣಿನ ಕಾಲಮಿನಲ್ಲಿದ್ದ ತೊಡಕು ಗಡಿನಾಡಿನದೇ. ಕನ್ನಡ ಮಾತಿನ ರೈತರು ಎರೆ ಎಂದಿದ್ದರು, ಮರಾಠಿ ಮಾತಿನವರು ಕಾಳಿ ಎಂದಿದ್ದರು. ಕೇಳಿದ್ದನ್ನು ಕೇಳಿದಂತೆಯೇ ಬರೆದ ಆಕೆಯ ಪ್ರಾಮಾಣಿಕತೆ ತಂತ್ರಾಂಶಕ್ಕೆ ಎರಡು ಬಗೆಯ ಮಣ್ಣಾಗಿ ಕಂಡಿತ್ತು. ಒಂದೇ ಕಪ್ಪು ನೆಲ ಎರಡು ಕಾಲಂಗಳಾಗಿ ಹಂಚಿಹೋಗಿ, ಎರಡೂ ಬಡವಾಗಿ, ಎರಡಕ್ಕೂ ಚುಕ್ಕೆ ಬಿದ್ದಿತ್ತು. ಗ್ರಂಥಸಂಪಾದನೆಯ ಪತ್ರಿಕೆಯನ್ನು ಓದಿದವರಿಗೆ ಇದು ಹೊಸತಲ್ಲ. ಪಾಠಾಂತರಗಳನ್ನು ಮೊದಲು ಕೂಡಿಸಿ ನೋಡದೆ ಪಾಠನಿರ್ಣಯ ಮಾಡುವ ಸಂಪಾದಕನಿಲ್ಲ. ಆಕೆ ಮಾಡಿದ್ದೂ ಅದನ್ನೇ: ಪದಗಳ ಪಟ್ಟಿ ಬರೆದು, ಸಮಾನಾರ್ಥಕಗಳನ್ನು ಒಂದು ಹೆಸರಿನಡಿ ತಂದಳು.

ವಿಸ್ತೀರ್ಣದಲ್ಲಿ ಇದಕ್ಕೆ ತದ್ವಿರುದ್ಧವಾದ ತಪ್ಪು ಆಗಿತ್ತು. ರೈತರು ಹೇಳಿದ ಎಕರೆ-ಗುಂಟೆ ಒಂದು ಕಾಲಮಿನಲ್ಲಿ, ಸಾತಬಾರಾ ಉತಾರೆಯ ಹೆಕ್ಟೇರು ಇನ್ನೊಂದರಲ್ಲಿ. ಹೀಗೆ ಒಂದೇ ಸಂಗತಿಯನ್ನು ಎರಡು ಬಾರಿ ಹೇಳಿದರೆ ಲ್ಯಾಸೊ ಬಹುಮಟ್ಟಿಗೆ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತದೆ. ಹೆಕ್ಟೇರಿಗೆ ತೂಕ, ಎಕರೆಗೆ ಚುಕ್ಕೆ! ಇಲ್ಲಿ ನಗುವುದು ಸುಲಭ. ಆದರೆ ಎತ್ತುಗಳ ಸಂಖ್ಯೆಯೂ ಹೊಲದ ವಿಸ್ತೀರ್ಣವೂ ಜೊತೆಜೊತೆಯಾಗಿ ಏರಿಳಿಯುವಾಗ ಒಂದಕ್ಕೆ ಬಿದ್ದ ಚುಕ್ಕೆಯನ್ನು ಕಂಡು 'ಎತ್ತಿನಿಂದ ಪ್ರಯೋಜನವಿಲ್ಲ' ಎಂದು ಬರೆದುಬಿಡುವುದೂ ಅಷ್ಟೇ ಸುಲಭ. ಅವಳಿಗಳಲ್ಲಿ ಒಬ್ಬರನ್ನು ಕರೆದರೆ ಇನ್ನೊಬ್ಬರು ಮನೆಯಲ್ಲಿಲ್ಲವೆಂದಲ್ಲ.

ಇಷ್ಟಾದರೂ ಪ್ರತಿ ಸಲ ಓಡಿಸಿದಾಗ ಚುಕ್ಕೆಗಳ ಜಾಗ ತುಸು ಬದಲಾಗುತ್ತಿತ್ತು. ತಕ್ಕ ಲ್ಯಾಂಬ್ಡಾವನ್ನು ಹುಡುಕಲು ತಂತ್ರಾಂಶ ಸಾಲುಗಳನ್ನು ಚೀಟಿ ಎತ್ತಿದಂತೆ 10 ಪಾಲು ಮಾಡಿ ಪರೀಕ್ಷಿಸುತ್ತದೆ. ಪಾಲು ಬದಲಾದರೆ ತೆರಿಗೆಯೂ ಬದಲಾಗುತ್ತದೆ. ಸೆಟ್.ಸೀಡ್ ಎಂಬ ಆಜ್ಞೆಯಿಂದ ಪಾಲನ್ನು ಸ್ಥಿರಗೊಳಿಸಬಹುದು. ಆದರೆ ಸ್ಥಿರವಾದುದೆಲ್ಲ ಸತ್ಯವಲ್ಲವೆಂದು ಈಗ ಆಕೆಗೆ ತಿಳಿದಿತ್ತು. ಬೇರೆ ಬೇರೆ ಬೀಜಸಂಖ್ಯೆ ಕೊಟ್ಟು ಹಲವು ಬಾರಿ ಓಡಿಸಿ, ಪ್ರತಿ ಸಲವೂ ಉಳಿದವು ಯಾವುವು, ಬಂದು ಹೋಗುವವು ಯಾವುವು ಎಂದು ಗುರುತು ಹಾಕಿಕೊಂಡಳು.

ಪೈಥಾನ್ ಬಳಸುವ ಗೆಳತಿಯೊಬ್ಬಳಿಗೆ "ಆಲ್ಫಾ 1 ಇಡು" ಎಂದು ಹೇಳಿದಾಗ ಅಲ್ಲಿ ಬಂದ ಉತ್ತರವೇ ಬೇರೆಯಾಯಿತು. ಜಿಎಲ್‌ಎಂನೆಟ್‌ನಲ್ಲಿ ಆಲ್ಫಾ 1 ಎಂದರೆ 'ಲ್ಯಾಸೊ ಬಳಸು' ಎಂಬ ಸೂಚನೆ. ಪೈಥಾನಿನ ಸೈಕಿಟ್-ಲರ್ನ್‌ನಲ್ಲಿ ಆಲ್ಫಾ ಎಂದರೆ ತೆರಿಗೆಯೇ. ಅಲ್ಲದೆ ಗಜ, ಕಿಲೋ, ಎಕರೆಗಳನ್ನು ಮೊದಲನೆಯದು ತಾನಾಗಿಯೇ ಒಂದೇ ಅಳತೆಗೆ ತಂದುಕೊಂಡು ಲೆಕ್ಕ ಮಾಡುತ್ತದೆ, ಎರಡನೆಯದಕ್ಕೆ ಅದನ್ನು ನಾವೇ ಮಾಡಿಕೊಡಬೇಕು. ಗೆಳತಿಯರಿಬ್ಬರೂ ನಕ್ಕರು. ಒಬ್ಬಳ ಮರಾಠಿ ಮನೆಯಲ್ಲಿ ಆಯಿ ಎಂದರೆ ತಾಯಿ, ಇನ್ನೊಬ್ಬಳ ಕನ್ನಡ ಮನೆಯಲ್ಲಿ ಆಯಿ ಎಂದರೆ ಅಜ್ಜಿ. ಯಾವ ಮನೆಯಲ್ಲಿ ನಿಂತು ಕರೆಯುತ್ತಿದ್ದೇವೆಂದು ತಿಳಿದು ಕರೆಯುವುದನ್ನು ಅವರಿಗೆ ಯಾರೂ ಪ್ರತ್ಯೇಕವಾಗಿ ಕಲಿಸಬೇಕಾಗಿರಲಿಲ್ಲ.

ಕೊನೆಗೆ ಪ್ರಬಂಧದಲ್ಲಿ ಮಳೆಯ ಕಾಲಂ ಉಳಿಯಲಿಲ್ಲ. ಅದರ ಬದಲು ಒಂದು ಪುಟವಿತ್ತು: ಈ ಮಾಹಿತಿಯಿಂದ ಮಳೆಯ ಪರಿಣಾಮವನ್ನು ಅಳೆಯಲು ಏಕೆ ಬಾರದು, ಹಲವು ವರ್ಷಗಳ, ಹಲವು ಮಂಡಲಗಳ ಅಂಕಿಗಳು ಏಕೆ ಬೇಕು ಎಂಬ ವಿವರಣೆಯ ಪುಟ. ಅದರ ಕೆಳಗೆ ಪ್ರತಿಯೊಂದು ಚುಕ್ಕೆಗೂ ಒಂದೊಂದು ಸಾಲಿನ ಟಿಪ್ಪಣಿ. ಕನ್ನಡದ ಅಕ್ಷರಮಾಲೆಯಲ್ಲಿ ಸೊನ್ನೆಯೆಂದರೆ ಅನುಸ್ವಾರ, ಮುಂದೆ ಬರುವ ಅಕ್ಷರವನ್ನು ನೋಡಿ ತನ್ನ ಉಚ್ಚಾರವನ್ನು ಪಡೆಯುವಂಥದು. ಅಂಕಿಗಳ ಸೊನ್ನೆಯನ್ನೂ ಅಕ್ಕಪಕ್ಕ ನೋಡಿಯೇ ಓದಬೇಕೆಂಬುದನ್ನು ಆಕೆ ಈ ಪ್ರಬಂಧದಿಂದ ಕಲಿತಳು.

ಬಾವಿಯಿಲ್ಲದ ಆ ವೃದ್ಧೆಯ ಚೀಟಿ ಈಗ ಲೆಕ್ಕದೊಳಗಿದೆ. ತಂದೆ ಮತ್ತೆ ಕೇಳಿದರು: "ಈಗೇನಂತೈತಿ ಮಷೀನು?"

"ಮಳಿ ವಿಷಯ ನನ್ನನ್ನ ಕೇಳಬ್ಯಾಡ, ನಿಮ್ಮಪ್ಪನ್ನ ಕೇಳು ಅಂತೈತಿ."