ಮುತ್ಯಾನ ಬಂದೂಕು

ಮಳಖೇಡದ ಪಕ್ಕದ ನಮ್ಮ ಹಳ್ಳಿಮನೆಯ ಪಡಸಾಲೆಯ ಗೂಟಕ್ಕೆ ಒಂದು ಬಂದೂಕು ತೂಗುತ್ತಿತ್ತು. ನಳಿಗೆಯ ಬಾಯಿಗೇ ಮದ್ದು ಸುರಿದು, ಚಿಂದಿ ತುರುಕಿ, ಸಲಾಕೆಯಿಂದ ಜಡಿದು ಹಾರಿಸುವ ಹಳೇ ಕಾಲದ್ದು. ನಾನು ಕಂಡಂತೆ ಒಂದು ಸಲವೂ ಸಿಡಿಯಲಿಲ್ಲ. ಮಹಾನವಮಿಗೆ ಮಾತ್ರ ಕೆಳಗಿಳಿಯುತ್ತಿತ್ತು. ಮುತ್ಯಾ ಎಣ್ಣೆ ಸವರಿ ಒರೆಸಿ, ಕೂರಿಗೆ ಕುಡಗೋಲುಗಳ ಸಾಲಿನಲ್ಲಿಟ್ಟು, ವಿಭೂತಿ ಹಚ್ಚಿ, ಚೆಂಡುಹೂ ಏರಿಸುತ್ತಿದ್ದ. ಮರುದಿನ ಬನ್ನಿ ಕೊಡಲು ಬಂದವರು ಅದನ್ನು ನೋಡಿ ಕೂತರೆ ಮುಗಿಯಿತು, ಕಥೆ ಶುರು. ನಿಜಾಮನ ಪರ ನಿಂತ ರಜಾಕಾರರ ಹಾವಳಿ, ಊರ ಕಾವಲು ಬುರುಜಾದ ಹುಡೇವಿನ ಮೇಲೆ ಸರದಿಯ ಕಾವಲು, ಕಾಗಿಣಾ ನದಿಯ ದಂಡೆಯಲ್ಲಿ ದೀಪ ಅಲುಗಿದರೂ ಡವಗುಟ್ಟುವ ಎದೆ, ಕೊನೆಗೆ 1948ರ ಸೆಪ್ಟೆಂಬರ್ 17ರಂದು ನಿಜಾಮ ಮಣಿದನೆಂಬ ಸುದ್ದಿ. "ಕೊಲ್ಲಲಾಕ ಅಲ್ಲ ತಮ್ಮಾ, ಇದು ಊರ ನಿದ್ದಿ ಕಾಯಲಾಕ" ಅನ್ನುತ್ತಿದ್ದ.

ಶರಣಬಸವೇಶ್ವರ ಜಾತ್ರೆಗೆ ಹೋದಾಗ ಕಲಬುರಗಿ ಕೋಟೆ ಹತ್ತಿಸಿ, ಬಾರಾ ಗಜಿ ತೋಪಿನ ಮೇಲೆ ನನ್ನನ್ನು ಕೂರಿಸಿದ್ದ. 29 ಅಡಿ ಉದ್ದ! ಕಾದ ಲೋಹದ ಮೇಲೆ ಅಂಗೈ ಸುಟ್ಟರೂ ತುದಿಯವರೆಗೆ ತೆವಳಿದ್ದೆ. ಇಂದಿಗೂ ಅದು ಬಿಸಿಲಲ್ಲೇ ಮಲಗಿದೆ. ಫೋಟೋ ತೆಗೆಸಿಕೊಳ್ಳುವವರಿದ್ದಾರೆ, ಪಕ್ಕದಲ್ಲಿ ಕೂತು ಕಥೆ ಹೇಳುವ ಮುತ್ಯಾಗಳಿಲ್ಲ.

ನಮ್ಮ ಮುತ್ಯಾ ಹೋದ ಮೇಲೆ ಪರವಾನಗಿಯ ಗೊಡವೆ ಯಾರಿಗೂ ಬೇಡವಾಯಿತು. ಅಪ್ಪ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಒಯ್ದು ಒಪ್ಪಿಸಿ, ರಸೀದಿ ತಂದು ಟ್ರಂಕಿನಲ್ಲಿಟ್ಟ. ಮನೆಮನೆಗೂ ಬಂದೂಕು ಇರಬಾರದು, ಒಪ್ಪಿದೆ. ಕಾವಲಿನ ರಾತ್ರಿಗಳು ಮುಗಿದದ್ದು ನಮ್ಮ ಪುಣ್ಯ. ಆದರೆ ಅದರ ಜೊತೆಗೇ ಆ ರಾತ್ರಿಗಳ ನೆನಪನ್ನೂ ಗೋಣಿಯಲ್ಲಿ ಸುತ್ತಿ ಕಳಿಸಿಬಿಟ್ಟೆವಲ್ಲ! ಕಲಬುರಗಿಯ ಸೇಡಂ ರಸ್ತೆಯ ವಸ್ತುಸಂಗ್ರಹಾಲಯದ ಹಳೆಯ ಗುಮ್ಮಟದೊಳಗೆ ನಿಂತಾಗಲೆಲ್ಲ, ಇಲ್ಲೊಂದು ಗೂಟ ಆ ಬಂದೂಕಿಗೂ ಸಿಗಬಾರದಿತ್ತೇ ಎಂದು ಕರುಳು ಚುರ್ರೆನ್ನುತ್ತದೆ.

ಅಮೆರಿಕದ ನೆವಾಡಾದಲ್ಲಿ 2014ರಲ್ಲಿ ಜುನಿಪರ್ ಮರಕ್ಕೆ ಒರಗಿಸಿಟ್ಟ ಒಂದು ವಿಂಚೆಸ್ಟರ್ ರೈಫಲ್ ಸಿಕ್ಕಿತು. ಕಟ್ಟಿಗೆ ಬಿರಿದು, ಬುಡ ಮಣ್ಣಲ್ಲಿ ಹೂತಿತ್ತು. ಮೈಮೇಲಿನ ನಂಬರು ಓದಿ, ಹಳೆಯ ದಾಖಲೆ ತೆರೆದು, 1882ರಲ್ಲಿ ತಯಾರಾದದ್ದೆಂದು ಕಂಡುಕೊಂಡರು. ಇಟ್ಟುಹೋದವನ ಹೆಸರು ಗೊತ್ತಿಲ್ಲದಿದ್ದರೂ, ಅದು ಸಿಕ್ಕ ಗ್ರೇಟ್ ಬೇಸಿನ್ ಪಾರ್ಕಿನಲ್ಲೇ ಪ್ರದರ್ಶನಕ್ಕಿಟ್ಟಿದ್ದಾರೆ. ನಮ್ಮ ಬಂದೂಕಿಗೆ ಹೆಸರಿತ್ತು, ಊರಿತ್ತು, ಕಥೆಯಿತ್ತು.

ಈಗ ಮಹಾನವಮಿಗೆ ಟ್ರ್ಯಾಕ್ಟರ್, ಬೈಕುಗಳಿಗೆ ಹಾರ. ಹೋದ ವರ್ಷ ಟ್ರಂಕು ತೆರೆದು ರಸೀದಿ ತೆಗೆದೆ. ಶಾಯಿ ಮಾಸಿದೆ, ಬಂದೂಕಿನ ನಂಬರಷ್ಟೇ ಓದಲು ಬರುತ್ತದೆ. ಕೂರಿಗೆಯ ಪಕ್ಕದಲ್ಲಿ ಅದನ್ನಿಟ್ಟು ಒಂದು ಚೆಂಡುಹೂ ಏರಿಸಿದೆ. "ಇದೇನಪ್ಪಾ, ಕಾಗದಕ್ಕೂ ಪೂಜಿ?" ಎಂದ ಮಗ. ಅವನನ್ನು ಹತ್ತಿರ ಕೂರಿಸಿಕೊಂಡೆ.