ಗದ್ದೆಗೂ ಕಡಲಿಗೂ ನಡುವೆ: ಮಲಯ ಊರು ಯಾನ್

ಮಲೇಶ್ಯಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೌಲಾಲಂಪುರದ ಅವಳಿ ಗೋಪುರಗಳು. ಆದರೆ ಆ ದೇಶದ ಅನ್ನದ ಬಟ್ಟಲು ಇರುವುದು ಅಲ್ಲಿಂದ ಬಹಳ ದೂರ, ಥೈಲ್ಯಾಂಡಿನ ಗಡಿಗೆ ತಾಗಿಕೊಂಡಿರುವ ಕೆಡಾ ರಾಜ್ಯದಲ್ಲಿ. ಅದರ ರಾಜಧಾನಿ ಅಲೋರ್ ಸೆತಾರ್‌ನಿಂದ ಕರಾವಳಿಯ ಗುಂಟ ದಕ್ಷಿಣಕ್ಕೆ ಹೊರಟರೆ ಯಾನ್ ಎಂಬ ಸಣ್ಣ ಪಟ್ಟಣ ಸಿಗುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ 1,200 ಮೀಟರಿಗೂ ಎತ್ತರದ ಜೆರಾಯಿ ಪರ್ವತ, ಉತ್ತರಕ್ಕೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ.

ನಮ್ಮಂತೆ ಅಲ್ಲಿನವರಿಗೂ ಗದ್ದೆಯಲ್ಲಿರುವುದಕ್ಕೆ, ಗೋಣಿಯಲ್ಲಿರುವುದಕ್ಕೆ, ತಟ್ಟೆಯಲ್ಲಿರುವುದಕ್ಕೆ ಬೇರೆ ಬೇರೆ ಹೆಸರುಗಳಿವೆ. ಭತ್ತಕ್ಕೆ 'ಪಾದಿ', ಅಕ್ಕಿಗೆ 'ಬೆರಾಸ್', ಅನ್ನಕ್ಕೆ 'ನಾಸಿ'. ಅನ್ನವನ್ನೇ ನಂಬಿ ಬದುಕಿದವರ ಭಾಷೆ ಇದು. ಕೆಡಾದಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಪಟ್ಟಣದ ಪಕ್ಕದಲ್ಲೇ ಕಂಪುಂಗ್ ಆಚೆ ಎಂಬ ಹಳ್ಳಿಯಿದೆ. ಡಚ್ಚರು 1873ರಲ್ಲಿ ಸುಮಾತ್ರಾದ ಆಚೆಯ ಮೇಲೆ ಯುದ್ಧ ಹೂಡಿದಾಗ ಜಲಸಂಧಿ ದಾಟಿ ಬಂದವರು ಇಲ್ಲಿ ನೆಲೆಯಾದರು.

ಈ ಬಯಲು ಮೊದಲಿನಿಂದಲೂ ಹೀಗಿರಲಿಲ್ಲ. ಹೆಚ್ಚಿನ ಭಾಗ ಜೌಗು ನೆಲವಾಗಿತ್ತು. ಕೆಡಾದ ಮುಖ್ಯಮಂತ್ರಿಯಾಗಿದ್ದ ವಾನ್ ಮುಹಮ್ಮದ್ ಸಮಾನ್ 1885ರಲ್ಲಿ ಅಲೋರ್ ಸೆತಾರ್‌ನಿಂದ ಜೆರಾಯಿಯ ಬುಡದತ್ತ ಸುಮಾರು 35 ಕಿಲೋಮೀಟರ್ ಉದ್ದದ ಕಾಲುವೆ ತೋಡಿಸತೊಡಗಿದರು. ರಾತ್ರಿ ಪಂಜು ಹಚ್ಚಿ ಅದರ ಬೆಳಕಿನ ಸಾಲು ನೋಡಿ ನೇರ ಗೆರೆ ಹಿಡಿದರೆಂದು ಜನ ಇಂದಿಗೂ ಹೇಳುತ್ತಾರೆ. 1970ರಲ್ಲಿ ಮುದಾ ಮತ್ತು ಪೆದು ಅಣೆಕಟ್ಟುಗಳ ನೀರು ಬಂತು. ಮಳೆಯನ್ನು ಕಾದು ಒಂದೇ ಬೆಳೆ ತೆಗೆಯುತ್ತಿದ್ದ ಸುಮಾರು ಒಂದು ಲಕ್ಷ ಹೆಕ್ಟೇರ್ ಗದ್ದೆಯಲ್ಲಿ ವರ್ಷಕ್ಕೆ ಎರಡು ಬೆಳೆ ಬರತೊಡಗಿತು. ಬಡವರ ಮನೆಯಲ್ಲೂ ವರ್ಷವಿಡೀ ಅನ್ನ ಬೆಂದಿತು. ನಾಟಿಗೆ, ಕೊಯ್ಲಿಗೆ ಎರಡೆರಡು ಸಲ ಕೂಲಿ ಸಿಕ್ಕಿತು.

ಆದರೆ ಈ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಆ ದಶಕ ಮುಗಿಯುವುದರೊಳಗೆ ದೊಡ್ಡ ಕೊಯ್ಲು ಯಂತ್ರಗಳು ಗದ್ದೆಗಿಳಿದವು. ಅಮೆರಿಕದ ವಿದ್ವಾಂಸ ಜೇಮ್ಸ್ ಸ್ಕಾಟ್ 1978ರಿಂದ ಎರಡು ವರ್ಷ ಇದೇ ಬಯಲಿನ ಹಳ್ಳಿಯೊಂದರಲ್ಲಿದ್ದು ಕಂಡದ್ದನ್ನು 1985ರಲ್ಲಿ ಪುಸ್ತಕವಾಗಿ ಬರೆದರು. ಹೆಂಗಸರು ತೆನೆ ಕೊಯ್ಯುವ, ಗಂಡಸರು ಅದನ್ನು ಬಡಿಯುವ ಕೆಲಸ ಯಂತ್ರದ ಪಾಲಾಯಿತು. ಕೊಯ್ಲಾದ ಗದ್ದೆಯಲ್ಲಿ ಉಳಿದ ಕಾಳನ್ನು ಆರಿಸಿ ಮನೆಗೊಯ್ಯುತ್ತಿದ್ದ ಬಡ ಹೆಂಗಸರಿಗೆ ಅದೂ ಇಲ್ಲದಂತಾಯಿತು. ದುಡಿದವರಿಗೆ ಕೂಲಿಯ ಜೊತೆಗೆ ಝಕಾತ್ ಎಂದು ಒಂದಿಷ್ಟು ಭತ್ತ ಕೊಡುವ ರೂಢಿಯಿತ್ತು. ಕೆಲಸಕ್ಕೆ ಕರೆಯುವುದೇ ನಿಂತ ಮೇಲೆ ಆ ರೂಢಿಯೂ ಕ್ಷೀಣಿಸಿತು. ಯಂತ್ರ ತರಿಸಿದವರ ಗದ್ದೆಯಲ್ಲಿ ನಾಟಿ ಮಾಡುವುದಿಲ್ಲವೆಂದು ಹೆಂಗಸರು ಸದ್ದಿಲ್ಲದೆ ಪಟ್ಟು ಹಿಡಿದರು. ಆದರೆ ಹೊರಗಿನಿಂದ ಆಳು ಕರೆಸುತ್ತೇವೆಂಬ ಮಾತು ಕೇಳಿಬಂದಾಗ, ಇದ್ದ ಕೂಲಿಯೂ ಹೋದೀತೆಂದು ಮಣಿಯಬೇಕಾಯಿತು. ಯಂತ್ರ ಬೇಡವೆಂದು ಯಾರೂ ಹೇಳಲಾರರು. ಆದರೆ ಅದು ಉಳಿಸಿದ ಹಣ ಯಾರ ಕೈ ಸೇರಿತು ಎಂದು ಕೇಳಬೇಕಲ್ಲವೇ?

ಇಲ್ಲಿನ ಬದುಕಿನ ಇನ್ನೊಂದು ಕಾಲು ಕಡಲಿನಲ್ಲಿದೆ. ಯಾನ್‌ನಿಂದ ದಕ್ಷಿಣಕ್ಕಿರುವ ಕೋಟಾ ಕುವಾಲಾ ಮುದಾದಲ್ಲಿ ಮೀನಿನ ಹರಾಜು ನೋಡುವಂಥದ್ದು. ಅಲ್ಲಿ ಕೂಗಾಟವಿಲ್ಲ. ಕೊಳ್ಳುವವರು ಒಬ್ಬೊಬ್ಬರಾಗಿ ಮಾರುವವನ ಕಿವಿಯಲ್ಲಿ ತಮ್ಮ ಬೆಲೆ ಪಿಸುಗುಟ್ಟುತ್ತಾರೆ. ಹೆಚ್ಚು ಹೇಳಿದವರಿಗೆ ಮೀನು. ಕಡಿಮೆ ಹೇಳಿದವರು ಎಷ್ಟು ಹೇಳಿದರೆಂದು ಯಾರಿಗೂ ತಿಳಿಯದು, ಅವರ ಮರ್ಯಾದೆಯೂ ಉಳಿಯುತ್ತದೆ. 'ಪಿಸುಮಾತಿನ ಪೇಟೆ' ಎಂದೇ ಅದರ ಹೆಸರು. 2004ರ ಡಿಸೆಂಬರ್ 26ರ ಸುನಾಮಿ ಈ ದಡಕ್ಕೂ ಬಡಿದು ಜೀವಗಳನ್ನೂ ಮನೆ, ದೋಣಿಗಳನ್ನೂ ಕೊಂಡೊಯ್ದಿತು. ಆದರೂ ಪೇಟೆ ಮತ್ತೆ ಎದ್ದು ನಿಂತಿತು. ಗದ್ದೆಯ ಅಕ್ಕಿಯೂ ಕಡಲಿನ ಮೀನೂ ಕೂಡಿದರೆ ಕೆಡಾದ ಪ್ರಸಿದ್ಧ 'ಲಕ್ಸಾ'. ಅಕ್ಕಿಹಿಟ್ಟಿನ ಶಾವಿಗೆಯ ಮೇಲೆ ಹುಳಿ ಹಾಕಿ ಕುದಿಸಿದ ಮೀನಿನ ಸಾರು.

ಇಂದು ಗದ್ದೆಗಿಳಿಯುವವರಲ್ಲಿ ವಯಸ್ಸಾದವರೇ ಹೆಚ್ಚು. ಮಕ್ಕಳು ಪೆನಾಂಗ್, ಕುಲಿಮ್‌ಗಳ ಕಾರ್ಖಾನೆಗಳಲ್ಲಿದ್ದಾರೆ. ತಂದೆಯ ಗದ್ದೆ ಪಾಲಾಗುತ್ತಾ ಹೋಗಿ, ಒಬ್ಬೊಬ್ಬರಿಗೆ ಬರುವ ತುಂಡಿನಿಂದ ಸಂಸಾರ ಸಾಗದು. ನಾಟಿಯೂ ಕಡಿಮೆಯಾಗಿ, ಬೀಜವನ್ನು ನೇರವಾಗಿ ಬಿತ್ತುವುದೇ ರೂಢಿಯಾಗಿದೆ. ಇಷ್ಟೊಂದು ಬೆಳೆದರೂ ಮಲೇಶ್ಯಾಕ್ಕೆ ತನ್ನ ಅಕ್ಕಿ ಸಾಲದು. 2023ರ ಜುಲೈಯಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿದ ಬಳಿಕ ಅಲ್ಲಿ ಆಮದು ಅಕ್ಕಿಯ ಬೆಲೆ ಏರಿತು. ಅಗ್ಗದ ಸ್ಥಳೀಯ ಅಕ್ಕಿಯ ಚೀಲಗಳು ಅಂಗಡಿಗಳಿಂದ ಮಾಯವಾದವು. ಅನ್ನದ ಬಟ್ಟಲು ಎಷ್ಟು ಮುಖ್ಯವೆಂದು ಇಡೀ ದೇಶಕ್ಕೆ ನೆನಪಾದದ್ದು ಆಗಲೇ.

ಯಾನ್‌ನ ಗದ್ದೆಗಳು ಈಗಲೂ ಹಸಿರಾಗಿವೆ, ಕಾಲುವೆಯಲ್ಲಿ ನೀರೂ ಹರಿಯುತ್ತಿದೆ. ಆದರೆ ಆ ಗದ್ದೆಯಿಂದಲೇ ಮಕ್ಕಳನ್ನು ಸಾಕಿ ಬೆಳೆಸಬಹುದೆಂಬ ಭರವಸೆ ರೈತನಿಗೂ, ಅವನ ನೆರೆಯ ಭೂಮಿಯಿಲ್ಲದವನಿಗೂ ಮರಳಿದರೆ ಮಾತ್ರ ನಾಳೆ ಅಲ್ಲಿ ಬಿತ್ತುವವರು ಇರುತ್ತಾರೆ.